ಮುದ್ದೆ ಕೋಲು ಮತ್ತೆ ಕೈಗೆ ಬರುವ ಬಗೆ

ರಾಗಿ ಮುದ್ದೆ ತೊಳಸುವವರ ಮೈಯನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಒಲೆಯಿಂದ ಇಳಿಸಿದ ಪಾತ್ರೆ ಜಾರದಂತೆ ಭದ್ರಪಡಿಸಿಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದು ತೊಳಸಲು ಶುರುಮಾಡಿದರೆ ಮುಗಿಯುವವರೆಗೂ ಬೆನ್ನು ಅರ್ಧ ಬಗ್ಗಿಯೇ ಇರುತ್ತದೆ. ಕೋಲಿನ ಸುತ್ತಿನ ಜೊತೆಗೆ ಸೊಂಟವೂ ತಿರುಗುತ್ತದೆ. ಹೆಗಲಿನಿಂದ ಮಣಿಕಟ್ಟಿನವರೆಗೆ ಬಿಗಿ. ಹಿಟ್ಟು ಗಟ್ಟಿಯಾದಷ್ಟೂ ಬಲ ಹೆಚ್ಚು ಬೇಕು; ನಡುವೆ ಕೈ ಬಿಟ್ಟರೆ ಗಂಟು ಕಟ್ಟುತ್ತದೆ. ಬಗ್ಗುವುದು, ತಿರುಗುವುದು, ಒತ್ತುವುದು, ತಡೆದು ನಿಲ್ಲುವುದು ಎಲ್ಲವೂ ಆ ಕೆಲವೇ ನಿಮಿಷಗಳಲ್ಲಿ ಆಗಿಹೋಗುತ್ತವೆ. ಎರಡು ವರ್ಷ ಸೊಂಟ ನೋವಿನಿಂದ ಒದ್ದಾಡಿದ ಹೆಂಗಸೊಬ್ಬರು ರಾತ್ರಿ ಮನೆಮಂದಿಗೆಲ್ಲ ಮುದ್ದೆ ಮಾಡಿಟ್ಟು, ಮಾರನೇ ಬೆಳಿಗ್ಗೆ ಎಂದಿನಂತೆ ಫ್ಯಾಕ್ಟರಿಗೆ ಹೋದರು ಎಂದರೆ ಅವರ ಚೇತರಿಕೆ ಎಲ್ಲಿಗೆ ಬಂದಿದೆ ಎನ್ನುವುದು ಅಷ್ಟರಿಂದಲೇ ತಿಳಿಯುತ್ತದೆ.

ಇಂಥವರನ್ನು ಮತ್ತೆ ಅಡುಗೆಮನೆಗೆ, ಬಸ್ಸಿಗೆ, ಮೆಷಿನ್ನಿಗೆ, ಕಂಪ್ಯೂಟರಿಗೆ ಮರಳಿಸುವ ಫಿಸಿಯೋಥೆರಪಿಸ್ಟ್‌ಗಳ ಕಸುಬಿನ ಕುರಿತು ಈ ಬರಹ. ಹೊರಗಿನಿಂದ ನೋಡುವವರಿಗೆ ಅದು ವ್ಯಾಯಾಮ ಹೇಳಿಕೊಡುವ ಕೆಲಸದಂತೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಅದರ ಜೀವಾಳ ಬೇರೆಯೇ ಇದೆ. ಯಾರು ಬೇಗ ಚೇತರಿಸಿಕೊಳ್ಳುತ್ತಾರೆ, ಯಾರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಎಂಬುದನ್ನು ಮೊದಲೆರಡು ಭೇಟಿಗಳಲ್ಲೇ ಗ್ರಹಿಸಬೇಕು. ಆ ಸಿಕ್ಕನ್ನು ಬಿಡಿಸಲು ಎಲ್ಲಿ ಕೈಹಾಕಬೇಕೆಂದು ತಿಳಿದಿರಬೇಕು.

ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೇ ಆವೃತ್ತಿ 2022ರಿಂದ ಜಾರಿಗೆ ಬಂತು. ಅದರಲ್ಲಿ ಇಂಥ ನೋವಿಗೆ ತನ್ನದೇ ಸ್ಥಾನವಿದೆ. ಗಾಯ ಮಾಯುವ ಕಾಲ ಮುಗಿದ ಮೇಲೂ ಉಳಿಯುವ ನೋವಿನಲ್ಲಿ ನರಮಂಡಲವೇ ಸೂಕ್ಷ್ಮವಾಗಿಬಿಟ್ಟಿರುತ್ತದೆ. ಬೀದಿಯಲ್ಲಿ ನಿಲ್ಲಿಸಿದ ಕಾರಿನ ಮೇಲೆ ಬೆಕ್ಕು ಹಾರಿದರೂ ಕೂಗಿಕೊಳ್ಳುವ ಅಲಾರಂ ಹಾಗೆ, ಸಣ್ಣ ಚಲನೆಗೂ ಅದು ದೊಡ್ಡ ಎಚ್ಚರಿಕೆ ಕೊಡುತ್ತದೆ. ನೋವು ಪೂರ್ತಿ ನಿಜ. ಅದು ಸೂಚಿಸುವ ಅಪಾಯ ಮಾತ್ರ ಎಷ್ಟೋ ಸಲ ಅಷ್ಟು ದೊಡ್ಡದಾಗಿರುವುದಿಲ್ಲ.

ಬೆಂಗಳೂರಿನ ಅಂಚಿನ ಮೂರು ಪ್ರದೇಶಗಳಲ್ಲಿ ಈ ಕಸುಬಿಗೆ ಬಿಡುವಿಲ್ಲ. ಪೀಣ್ಯದಲ್ಲಿ ಲೇತ್, ಪ್ರೆಸ್, ಪೌಡರ್ ಕೋಟಿಂಗ್, ಗಾರ್ಮೆಂಟ್ಸ್. ಎಪ್ಪತ್ತರ ದಶಕದಿಂದ ಬೆಳೆದ ಈ ಕೈಗಾರಿಕಾ ಪ್ರದೇಶದಲ್ಲಿ ನಿಂತು ಮಾಡುವ ಕೆಲಸಕ್ಕೂ ಕೂತು ಮಾಡುವ ಕೆಲಸಕ್ಕೂ ಕೊನೆಯಿಲ್ಲ. ಎಲೆಕ್ಟ್ರಾನಿಕ್ ಸಿಟಿ ಆರ್.ಕೆ. ಬಾಳಿಗರ ಕನಸು. ಅವರು ಮುನ್ನಡೆಸಿದ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್ ಅದನ್ನು 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಶುರುಮಾಡಿತು. ವೈಟ್‌ಫೀಲ್ಡ್‌ನ ಐಟಿ ಪಾರ್ಕ್ ತೊಂಬತ್ತರ ದಶಕದ ಕೂಸು. ಪೀಣ್ಯದ ಟೈಲರ್ ಅಕ್ಕನ ಹೆಗಲಿನ ನೋವಿಗೂ ವೈಟ್‌ಫೀಲ್ಡ್ ಇಂಜಿನಿಯರನ ಕತ್ತಿನ ನೋವಿಗೂ ಕೂಲಿಯಲ್ಲಿ, ಕುರ್ಚಿಯಲ್ಲಿ, ಆಸ್ಪತ್ರೆಯ ಬಿಲ್ಲಿನಲ್ಲಿ ಅಜಗಜಾಂತರವಿದೆ. ಆದರೆ ಇಬ್ಬರೂ ಮತ್ತೆ ಮೊದಲಿನಂತೆ ದಿನ ಕಳೆಯಬಲ್ಲರೇ ಎಂದು ಮುಂದಾಗಿ ಹೇಳುವ ಸಂಗತಿಗಳು ಬಹುಮಟ್ಟಿಗೆ ಒಂದೇ.

ಆ ಸಂಗತಿಗಳು ಯಾವುವು ಎಂಬ ಪ್ರಶ್ನೆಗೆ ಹೆಚ್ಚಿನವರು ಮೊದಲು ಬೆರಳು ಮಾಡುವುದು ಸ್ಕ್ಯಾನ್ ಕಡೆಗೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಆ ಕಪ್ಪು ಫಿಲಂ ಪ್ರತಿ ಭೇಟಿಗೂ ಜೊತೆಗೆ ಬರುತ್ತದೆ. "ಡಿಸ್ಕ್ ಜರುಗಿದೆ", "ಮೂಳೆ ಸವೆದಿದೆ", "ಗ್ಯಾಪ್ ಬಂದಿದೆ", "ನರ ಒತ್ತಿದೆ" ಎಂಬ ಮಾತುಗಳು ಫಿಲಂಗಿಂತ ಗಟ್ಟಿಯಾಗಿ ಮನಸ್ಸಿನಲ್ಲಿ ಅಚ್ಚಾಗಿರುತ್ತವೆ. ಯಾವ ನೋವೂ ಇಲ್ಲದ 3,110 ಜನರ ಸ್ಕ್ಯಾನ್‌ಗಳ ವರದಿಗಳನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದು 2015ರಲ್ಲಿ ಪ್ರಕಟವಾಯಿತು. ಇಪ್ಪತ್ತರ ವಯಸ್ಸಿನವರಲ್ಲೇ 37 ಶೇಕಡಾ ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. ಎಂಬತ್ತರವರಲ್ಲಿ ಅದು 96 ಶೇಕಡಾ. ಇವರೆಲ್ಲ ನೋವಿಲ್ಲದೆ ಓಡಾಡಿಕೊಂಡಿದ್ದವರು! ಹಾಗಂತ ಸ್ಕ್ಯಾನ್ ಬೇಡವೆಂದಲ್ಲ. ಕಾಲಿನ ಶಕ್ತಿ ದಿನೇ ದಿನೇ ಕುಂದುತ್ತಿದ್ದರೆ, ಮೂತ್ರ ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು ಜೊತೆಗಿದ್ದರೆ ಫಿಸಿಯೋ ಮೊದಲು ವೈದ್ಯರ ಬಳಿಗೆ ಕಳಿಸಬೇಕು, ತಡಮಾಡುವಂತಿಲ್ಲ. ಇದು ಕಸುಬಿನ ಮೊದಲ ಪಾಠ. ಅಂಥದ್ದೇನೂ ಇಲ್ಲವೆಂದು ಖಾತ್ರಿಯಾದ ಮೇಲೆ, ಮುಂದಿನ ವರ್ಷ ಈ ಮನುಷ್ಯ ಏನೇನು ಮಾಡಬಲ್ಲ ಎಂಬ ಪ್ರಶ್ನೆಗೆ ಆ ಫಿಲಂ ಹೇಳುವುದು ಬಹಳ ಕಡಿಮೆ.

ಹೆಚ್ಚು ಹೇಳುವವು ಬೇರೆ ಇವೆ. ಆಸ್ಟ್ರೇಲಿಯಾದಲ್ಲಿ ಬೆನ್ನು ನೋವು ಆಗತಾನೇ ಮೂರು ತಿಂಗಳ ಗಡಿ ದಾಟಿದ 406 ಜನರನ್ನು ಒಂದು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನ 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ವರ್ಷ ತುಂಬುವಷ್ಟರಲ್ಲಿ ಪೂರ್ತಿ ಚೇತರಿಸಿಕೊಂಡವರು ಸುಮಾರು 41 ಶೇಕಡಾ. ದೀರ್ಘಕಾಲದ ನೋವು ಎಂದರೆ ಜೀವನಪರ್ಯಂತ ಎಂದುಕೊಂಡವರಿಗೆ ಈ ಅಂಕಿಯೇ ಒಂದು ಸಮಾಧಾನ. ತಡವಾಗಿ ಚೇತರಿಸಿಕೊಂಡವರು ಯಾರು? ಇದೇ ಬೆನ್ನಿನ ಕಾರಣಕ್ಕೆ ಹಿಂದೆಯೂ ಕೆಲಸಕ್ಕೆ ರಜೆ ಹಾಕಿದ್ದವರು, ಶುರುವಿನಲ್ಲೇ ನೋವೂ ಅಡಚಣೆಯೂ ಜಾಸ್ತಿ ಇದ್ದವರು, ಓದು ಕಡಿಮೆ ಇದ್ದವರು ಮತ್ತು "ಇದು ವಾಸಿಯಾಗುವುದಿಲ್ಲ" ಎಂದು ಬಲವಾಗಿ ನಂಬಿದ್ದವರು. ಈ ಕೊನೆಯ ಸಂಗತಿಯ ಮುಂದೆ ಸ್ವಲ್ಪ ನಿಲ್ಲಬೇಕು. ಚೇತರಿಕೆಯ ಬಗ್ಗೆ ರೋಗಿ ಇಟ್ಟುಕೊಂಡ ನಿರೀಕ್ಷೆಯೇ ಚೇತರಿಕೆಯನ್ನು ಮುನ್ಸೂಚಿಸುತ್ತದೆ ಎಂಬುದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ವಯಸ್ಸನ್ನಾಗಲಿ ಶಾಲೆ ಬಿಟ್ಟ ತರಗತಿಯನ್ನಾಗಲಿ ಯಾವ ಫಿಸಿಯೋನೂ ಬದಲಿಸಲಾರರು. ನಿರೀಕ್ಷೆಯನ್ನು ಬದಲಿಸಬಹುದು. ಭಯವನ್ನು ಇಳಿಸಬಹುದು. ನಿದ್ದೆಯನ್ನು ಸುಧಾರಿಸಬಹುದು. ಮುನ್ಸೂಚನೆ ಕೊಡುವ ಅಂಶಗಳಲ್ಲಿ ಎಷ್ಟೊಂದು ಕೈಗೆ ಸಿಗುವಂಥವು ಎಂಬುದೇ ಈ ಕಸುಬಿನ ಬಗ್ಗೆ ನನಗೆ ಗೌರವ ಹುಟ್ಟಿಸಿದ ಸಂಗತಿ. ಇಲ್ಲಿ ಭವಿಷ್ಯ ಹೇಳುವ ಗುರುತೂ ಅದನ್ನು ತಿದ್ದುವ ಹಿಡಿಯೂ ಎಷ್ಟೋ ಸಲ ಒಂದೇ.

ಮೊದಲ ಭೇಟಿಯ ಮಾತುಕತೆಯನ್ನು ಹತ್ತಿರದಿಂದ ಕೇಳೋಣ. ನಲವತ್ತರ ಆಸುಪಾಸಿನ, ಪೀಣ್ಯ ಎರಡನೇ ಹಂತದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಲೈನಿನಲ್ಲಿ ಕೂರುವ ಒಬ್ಬಾಕೆ ಬಂದಿದ್ದಾರೆ ಎಂದುಕೊಳ್ಳಿ. ಎದುರಿಗೆ ವಯಸ್ಸಿನಲ್ಲಿ ಚಿಕ್ಕವಳಾದ ಫಿಸಿಯೋ.

"ನೋವಿಂದ ಏನೇನು ಮಾಡೋಕೆ ಆಗ್ತಿಲ್ಲ ಅಕ್ಕಾ, ಅದನ್ನ ಹೇಳಿ."

"ಬಗ್ಗಕ್ಕೇ ಆಗಲ್ಲ ಮೇಡಂ. ಬಗ್ಗಿದ್ರೆ ಒಳಗೆ ಏನೋ ಕಟ್ ಆಗ್ಬಿಡುತ್ತೆ ಅನ್ಸುತ್ತೆ."

"ಹಂಗೆ ಯಾರಾದ್ರೂ ಹೇಳಿದ್ರಾ?"

"ಸ್ಕ್ಯಾನ್ ಮಾಡಿಸ್ದಾಗ ಹೇಳಿದ್ರಲ್ಲ, ಡಿಸ್ಕ್ ಸವೆದೋಗಿದೆ, ಭಾರ ಎತ್ಬೇಡಿ, ಬಗ್ಬೇಡಿ ಅಂತ. ಅವತ್ತಿಂದ ನಮ್ಮೆಜಮಾನ್ರು ಬಿಂದಿಗೆ ಮುಟ್ಟಕ್ಕೂ ಬಿಡಲ್ಲ."

"ರಾತ್ರಿ ನಿದ್ದೆ?"

"ಎಲ್ಲಿ ನಿದ್ದೆ ಮೇಡಂ. ಮಗ್ಗಲು ಬದಲಾಯಿಸಿದ್ರೆ ಎಚ್ಚರ. ಎಚ್ಚರ ಆದ್ರೆ ಯೋಚ್ನೆ. ಕೆಲ್ಸ ಹೋದ್ರೆ ಮನೆ ಬಾಡಿಗೆ ಏನ್ ಮಾಡೋದು ಅಂತ."

ಮೂರೇ ಉತ್ತರಗಳಲ್ಲಿ ಎಷ್ಟೆಲ್ಲ ಬಂದುಹೋಯಿತು ನೋಡಿ. ಬಗ್ಗಿದರೆ ಕಟ್ ಆಗುತ್ತದೆ ಎಂಬುದು ಭಯ, ನೋವಿಗಿಂತ ಬೇರೆಯಾದದ್ದು. ಆ ಭಯ ತಾನಾಗಿ ಹುಟ್ಟಲಿಲ್ಲ. ಒಳ್ಳೆಯ ಉದ್ದೇಶದಿಂದಲೇ ಯಾರೋ ಆಡಿದ ಮಾತಿನಿಂದ ಬಂತು. ಗಂಡನ ಕಾಳಜಿ ಬಿಂದಿಗೆಯನ್ನು ಕೈಯಿಂದ ಕಿತ್ತುಕೊಂಡಿತು, ಅದರೊಂದಿಗೆ ಬೆನ್ನಿನ ಬಲವನ್ನೂ. ನಿದ್ದೆಗೆಟ್ಟ ರಾತ್ರಿ, ಬಾಡಿಗೆಯ ಚಿಂತೆ. ಮನಶ್ಶಾಸ್ತ್ರಜ್ಞ ಯೋಹಾನ್ ವ್ಲಾಯೆನ್ ಮತ್ತು ಸ್ವೀಡನ್ನಿನ ಸ್ಟೀವನ್ ಲಿಂಟನ್ 2000ರಲ್ಲಿ ಬರೆದ ಪ್ರಸಿದ್ಧ ವಿಮರ್ಶೆ ಈ ಚಕ್ರವನ್ನು ಬಿಡಿಸಿಟ್ಟಿದೆ. ನೋವಿನ ಬಗ್ಗೆ ಕೆಟ್ಟದ್ದನ್ನೇ ಯೋಚಿಸುವುದರಿಂದ ಭಯ, ಭಯದಿಂದ ಚಲನೆಯನ್ನೇ ಬಿಡುವುದು, ಚಲನೆ ಬಿಟ್ಟದ್ದರಿಂದ ಮೈ ಸೋತು ಮನಸ್ಸು ಕುಗ್ಗುವುದು, ಅದರಿಂದ ನೋವು ಇನ್ನಷ್ಟು ಕಾಡುವುದು. ನೋವು ಇಷ್ಟೇ ಇರುವ ಇನ್ನೊಬ್ಬರು ಭಯವಿಲ್ಲದ ಕಾರಣಕ್ಕೆ ಮೆಲ್ಲಗೆ ಕೆಲಸ ಮಾಡುತ್ತ ಮಾಡುತ್ತ ಹೊರಬರುತ್ತಾರೆ.

ಮಾತು ಮುಗಿಯುವ ಮೊದಲು ಫಿಸಿಯೋ ಒಂದು ಹಾಳೆ ತೆಗೆಯುತ್ತಾಳೆ. ನೋವಿನಿಂದ ಕಷ್ಟವಾದ, ಆದರೆ ಮಾಡಲೇಬೇಕೆನಿಸುವ ಮೂರು ಕೆಲಸಗಳನ್ನು ರೋಗಿಯೇ ಹೆಸರಿಸಬೇಕು. ಒಂದೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಸೊನ್ನೆ ಎಂದರೆ ಆಗುವುದೇ ಇಲ್ಲ, ಹತ್ತು ಎಂದರೆ ನೋವು ಬರುವ ಮೊದಲಿನಷ್ಟೇ ಸಲೀಸು. ಕೆನಡಾದ ಪಾಲ್ ಸ್ಟ್ರಾಟ್‌ಫರ್ಡ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಳತೆ ಇದು. ಈಕೆ ಬರೆಸಿದ್ದು: ಮುದ್ದೆ ತೊಳಸೋದು, ಎರಡು. ಬಸ್ಸಿನಲ್ಲಿ ನಿಂತುಕೊಂಡು ಜಾಲಹಳ್ಳಿ ಕ್ರಾಸ್‌ವರೆಗೆ ಹೋಗೋದು, ನಾಲ್ಕು. ಊಟದ ಬೆಲ್ ಹೊಡೆಯುವವರೆಗೆ ಮೆಷಿನ್ ಮೇಲೆ ಕೂರೋದು, ಮೂರು. ವಿದೇಶದ ಪ್ರಶ್ನಾವಳಿಗಳು ಕಾಲುಚೀಲ ಹಾಕಿಕೊಳ್ಳುವುದನ್ನು, ಆರಾಮಕುರ್ಚಿಯಿಂದ ಏಳುವುದನ್ನು ಕೇಳುತ್ತವೆ. ನೆಲದ ಮೇಲೆ ಚಕ್ಕಂಬಕ್ಕಲ ಹಾಕುವುದನ್ನಾಗಲಿ ಈಳಿಗೆ ಮಣೆಯ ಮುಂದೆ ಕೂರುವುದನ್ನಾಗಲಿ ಕೇಳುವುದಿಲ್ಲ. ಈ ಹಾಳೆ ಏನನ್ನೂ ಮೊದಲೇ ಅಚ್ಚುಹಾಕಿಲ್ಲ, ಆದ್ದರಿಂದ ಪೀಣ್ಯದಲ್ಲೂ ಸಲ್ಲುತ್ತದೆ. ಮುಂದಿನ ಎಲ್ಲ ಕೆಲಸಕ್ಕೂ ಗುರಿ ಈ ಮೂರು ಸಾಲು. ಈಗ ನೋವಿನ ಅಂಕಿಯ ಜೊತೆಗೆ ಬದುಕಿನ ಅಂಕಿಯೂ ಹಾಳೆಯ ಮೇಲೆ ಬಂತು.

ಇನ್ನೊಂದು ಅಳತೆ ಆತ್ಮವಿಶ್ವಾಸದ್ದು. ಸಿಡ್ನಿಯ ಮೈಕೆಲ್ ನಿಕೋಲಸ್ ರೂಪಿಸಿದ ಹತ್ತು ಹೇಳಿಕೆಗಳ ಪ್ರಶ್ನಾವಳಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ನೋವು ಇರುವಾಗಲೇ ಮನೆಗೆಲಸ ಮಾಡಬಲ್ಲೆನೇ, ನಾಲ್ಕು ಜನರ ಜೊತೆ ಬೆರೆಯಬಲ್ಲೆನೇ, ಏನಾದರೂ ಕೆಲಸ ಮಾಡಬಲ್ಲೆನೇ ಎಂದು ಕೇಳುತ್ತದೆ. ಒಂದೊಂದಕ್ಕೆ ಆರು ಅಂಕ, ಒಟ್ಟು 60. ನೋವಿನಿಂದ ಅಂಗವೈಕಲ್ಯಕ್ಕೆ ಹೋಗುವ ದಾರಿಯಲ್ಲಿ ನಡುವೆ ನಿಂತು ತಡೆಯುವುದು ಅಥವಾ ದೂಡುವುದು ಏನು ಎಂದು ಹುಡುಕಿದ ಸಂಶೋಧಕರಿಗೆ ಮತ್ತೆ ಮತ್ತೆ ಸಿಕ್ಕಿದ್ದು ಮೂರು: ಈ ಆತ್ಮವಿಶ್ವಾಸ, ಮನಸ್ಸಿನ ಕುಗ್ಗುವಿಕೆ, ಭಯ. ಅಂದರೆ ನೋವಿನ ಅಂಕಿ ಅಲುಗದೆ ಇದ್ದರೂ "ನನ್ನ ಕೈಲಾಗುತ್ತೆ" ಎಂಬ ನಂಬಿಕೆ ಏರಿದರೆ ದಿನದ ಕೆಲಸಗಳು ಹಿಂದಿರುಗತೊಡಗುತ್ತವೆ. ಬರಿಯ ಧೈರ್ಯದ ಮಾತಿನಿಂದ ಈ ನಂಬಿಕೆ ಬರುವುದಿಲ್ಲ. ಮಾಡಿ ನೋಡಿದ್ದರಿಂದ ಬರುತ್ತದೆ. ಎಷ್ಟು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಅಳತೆಯಲ್ಲೇ ಕಸುಬಿನ ಕುಶಲತೆ ಇದೆ.

ಆ ಅಳತೆಯ ಮೂಲ ಅಮೆರಿಕದ ಸಿಯಾಟಲ್‌ನಲ್ಲಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ ಒಂದು ಸರಳ ಸಂಗತಿಯನ್ನು ಹಿಡಿದರು. ನೋವು ಜಾಸ್ತಿಯಾದ ಕೂಡಲೇ ವಿಶ್ರಾಂತಿ, ಮಾತ್ರೆ, ಮನೆಯವರ ಉಪಚಾರ ಸಿಗುತ್ತಾ ಹೋದರೆ ಮೈ ನೋವನ್ನೇ ಕಾಯುವ ಅಭ್ಯಾಸಕ್ಕೆ ಬೀಳುತ್ತದೆ. ಹಾಗಾಗಿ ವಿಶ್ರಾಂತಿಯ ಗಂಟು ನೋವಿಗೆ ಬೇಡ, ಮುಗಿಸಿದ ಕೆಲಸಕ್ಕೆ ಇರಲಿ ಎಂದರು. 1976ರಲ್ಲಿ ಅವರ ಪುಸ್ತಕ ಬಂತು. ಇಂದಿಗೂ ಕ್ಲಿನಿಕ್‌ಗಳಲ್ಲಿ ನಡೆಯುವ ಹಂತಹಂತದ ಚಟುವಟಿಕೆಯ ಪದ್ಧತಿಗೆ ಬುನಾದಿ ಅದೇ.

ನಡಿಗೆಯ ಉದಾಹರಣೆ ತೆಗೆದುಕೊಳ್ಳಿ. ಮೊದಲ ಮೂರು ದಿನ ಆಕೆ ತನಗೆ ಸಾಕೆನಿಸುವವರೆಗೆ ನಡೆದು ಸಮಯ ಬರೆದಿಡಬೇಕು. 14 ನಿಮಿಷ, 9 ನಿಮಿಷ, 13 ನಿಮಿಷ. ಸರಾಸರಿ ಹನ್ನೆರಡು. ಫಿಸಿಯೋ ಆಕೆಗೆ ಕೊಡುವ ಆರಂಭದ ಅಳತೆ ಹನ್ನೆರಡಲ್ಲ, ಅದರ ಸುಮಾರು ಐದರಲ್ಲಿ ನಾಲ್ಕು ಪಾಲು, ಒಂಬತ್ತೂವರೆ ನಿಮಿಷ. ಅಷ್ಟನ್ನು ದಿನವೂ ನಡೆಯಬೇಕು. ನೋವು ಹೆಚ್ಚಿದ್ದ ದಿನವೂ ಅಷ್ಟೇ, ಮೈ ಹಗುರಾದ ದಿನವೂ ಅಷ್ಟೇ. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ನಿಮಿಷ ಸೇರಿಸುವುದು. ಕಷ್ಟ ಯಾವುದು ಗೊತ್ತೇ? ಹಗುರಾದ ದಿನ ನಿಲ್ಲಿಸುವುದು. ನಮ್ಮ ಹೆಂಗಸರು ಭಾನುವಾರ ಸ್ವಲ್ಪ ಆರಾಮೆನಿಸಿದರೆ ಸಾಕು, ವಾರದ ಬಟ್ಟೆಯನ್ನೆಲ್ಲ ಒಗೆದು, ಮನೆ ಸಾರಿಸಿ, ಚಕ್ಕುಲಿ ಹಿಟ್ಟಿಗೂ ಕೈಹಾಕುತ್ತಾರೆ. ಸೋಮವಾರದಿಂದ ಬುಧವಾರದವರೆಗೆ ಮಲಗಿಬಿಡುತ್ತಾರೆ. ಹಾಗೆ ಮಲಗಿದ ಪ್ರತಿ ಸಲವೂ "ಕೆಲಸ ಮಾಡಿದ್ದಕ್ಕೇ ಹೀಗಾಯ್ತು" ಎಂಬ ಪಾಠ ಗಟ್ಟಿಯಾಗುತ್ತದೆ. ಆ ಏರಿಳಿತವನ್ನು ಸಮ ಮಾಡುವುದಕ್ಕೇ ಗಡಿಯಾರದ ಲೆಕ್ಕ. ಬಟ್ಟೆ ಒಗೆಯುವುದನ್ನು ನಾಲ್ಕು ದಿನಕ್ಕೆ ಹಂಚುವುದು, ಬಕೆಟ್ ಅರ್ಧ ತುಂಬಿಸುವುದು, ಕೂತ ಕೆಲಸದ ನಡುವೆ ನಿಂತ ಕೆಲಸ ತರುವುದು ಎಲ್ಲ ಇದರ ಭಾಗ.

ಭಯಕ್ಕೆ ಮದ್ದು ಇನ್ನೂ ನಾಜೂಕಿನದು. "ಹೆದರಬೇಡಿ, ಏನೂ ಆಗಲ್ಲ" ಎಂದು ಹೇಳಿ ಯಾರ ಭಯವನ್ನೂ ಕಳೆಯಲಾಗಿಲ್ಲ. ಬಗ್ಗುವುದಕ್ಕೆ ಹೆದರುವ ಆಕೆಯನ್ನು ಫಿಸಿಯೋ ಮೊದಲು ಮಂಚದ ಮೇಲೆ ಮಲಗಿಸಿ ಮಂಡಿಗಳನ್ನು ಎದೆಗೆ ಎಳೆದುಕೊಳ್ಳಲು ಹೇಳುತ್ತಾಳೆ. ಬೆನ್ನು ಬಗ್ಗುವುದು ಅಲ್ಲಿಯೂ ಅಷ್ಟೇ, ಆದರೆ ಆಕೆಗೆ ಅದು ಬಗ್ಗಿದಂತೆ ಅನಿಸುವುದಿಲ್ಲ. ಆಮೇಲೆ ಸ್ಟೂಲಿನ ಮೇಲೆ ಕೂತು ಚಪ್ಪಲಿ ಮುಟ್ಟುವುದು. ಆಮೇಲೆ ನಿಂತು ಮೇಜಿನ ಮೇಲೆ ಕೈಯೂರಿ ಬಗ್ಗುವುದು. ಪ್ರತಿ ಮೆಟ್ಟಿಲಿನ ಮೊದಲು ಒಂದು ಪ್ರಶ್ನೆ: "ಈಗ ಬಗ್ಗಿದ್ರೆ ಏನಾಗುತ್ತೆ ಅಂದ್ಕೊಂಡಿದೀರಾ?" ಮಾಡಿದ ಮೇಲೆ ಇನ್ನೊಂದು: "ಏನಾಯ್ತು?" ಉಸಿರು ಬಿಗಿಹಿಡಿದಿದ್ದಾರೆಯೇ, ಹೊಟ್ಟೆ ಗಟ್ಟಿ ಮಾಡಿಕೊಂಡಿದ್ದಾರೆಯೇ, ಮುಖ ಹಿಂಡುತ್ತಿದ್ದಾರೆಯೇ ಎಂದು ಕಣ್ಣು ನೋಡುತ್ತಲೇ ಇರುತ್ತದೆ. ಉಸಿರು ಬಿಡಿಸಿ ಮತ್ತೆ ಬಗ್ಗಿಸಿದಾಗ ನೋವು ಅರ್ಧಕ್ಕೆ ಇಳಿದರೆ, ಡಿಸ್ಕ್ ಒಂದು ಕ್ಷಣದ ಹಿಂದಿನಂತೆಯೇ ಇದೆ, ಬದಲಾದದ್ದು ಬಿಗಿತ ಮಾತ್ರ ಎಂಬುದು ಆಕೆಗೇ ಅರಿವಾಗುತ್ತದೆ. ಹೊರಗಿನಿಂದ ಹೇಳಿಸಿಕೊಂಡ ನೂರು ಮಾತಿಗಿಂತ ಈ ಒಂದು ಅನುಭವಕ್ಕೆ ಶಕ್ತಿ ಹೆಚ್ಚು. ಕೊನೆಗೆ ಕ್ಲಿನಿಕ್ಕಿಗೇ ಒಂದು ಪಾತ್ರೆ, ಒಂದು ಕೋಲು ತರಿಸಿ ತೊಳಸುವ ಅಭ್ಯಾಸ ಮಾಡಿಸಬಹುದು. ಪಾತ್ರೆಯನ್ನು ನೆಲದ ಬದಲು ಗಟ್ಟಿ ಮಣೆಯ ಮೇಲಿಟ್ಟು, ಕಾಲು ಹಿಂದೆ ಮುಂದೆ ಮಾಡಿ, ತೋಳಿನಿಂದಷ್ಟೇ ತಿರುಗಿಸದೆ ಇಡೀ ಮೈ ತೂಗಿ ತೊಳಸುವುದು.

ಈ ಬಗೆಯ ಚಿಕಿತ್ಸೆಯ ಫಲ ಎಷ್ಟು ಎಂದು ಕೇಳುವವರಿಗೆ 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗ ಒಳ್ಳೆಯ ಉತ್ತರ. ಬೆನ್ನು ನೋವಿನಿಂದ ದಿನಚರಿಯೇ ಕೆಟ್ಟಿದ್ದ 492 ಜನ. ಒಂದು ಗುಂಪಿಗೆ ಎಂದಿನ ಚಿಕಿತ್ಸೆ, ಉಳಿದವರಿಗೆ ಹನ್ನೆರಡು ವಾರಗಳಲ್ಲಿ ಹೆಚ್ಚೆಂದರೆ ಏಳು ಭೇಟಿ, ಆಮೇಲೆ ಒಂದು ಜ್ಞಾಪನೆಯ ಭೇಟಿ. ಭಯವನ್ನು, ಚಲನೆಯ ಅಭ್ಯಾಸವನ್ನು, ನಿದ್ದೆ ಮತ್ತು ದಿನಚರಿಯನ್ನು ಒಟ್ಟಿಗೆ ಹಿಡಿದ ಚಿಕಿತ್ಸೆ ಅದು. ಅಳೆದದ್ದು ದಿನನಿತ್ಯದ ಕೆಲಸದ ಅಡಚಣೆಯನ್ನು. ಸುಧಾರಣೆ ದೊಡ್ಡದಾಗಿತ್ತು, ಒಂದು ವರ್ಷದ ಮೇಲೂ ಉಳಿದಿತ್ತು. ಮೂರು ವರ್ಷಗಳ ಬಳಿಕ ನೋಡಿದಾಗಲೂ ಅದರ ಲಾಭ ಅಳಿದಿರಲಿಲ್ಲ. ಆ ಫಿಸಿಯೋಗಳಿಗೆ ತಿಂಗಳುಗಟ್ಟಲೆ ತರಬೇತಿ ಕೊಡಲಾಗಿತ್ತು ಎಂಬುದನ್ನು ಮರೆಯಬಾರದು. ನಮ್ಮಲ್ಲಿ ಬಹಳಷ್ಟು ಕಡೆ ಫಿಸಿಯೋಥೆರಪಿ ಎಂದರೆ ಹತ್ತು ದಿನ ಹೋಗಿ "ಕರೆಂಟ್ ಕೊಡಿಸಿಕೊಳ್ಳುವುದು", ಬಿಸಿ ಪ್ಯಾಕ್, ಸೊಂಟಕ್ಕೊಂದು ಬೆಲ್ಟ್. ಆ ಹೊತ್ತಿಗೆ ಹಿತವಾಗುತ್ತದೆ, ನಿಜ. ಆದರೆ ರೋಗಿಯನ್ನು ಮಲಗಿಸಿ ಮಾಡುವ ಚಿಕಿತ್ಸೆಯಿಂದ ಎದ್ದು ನಡೆಯುವ ಆತ್ಮವಿಶ್ವಾಸ ಹುಟ್ಟುವುದಿಲ್ಲ. ಕಾಲು ಗಂಟೆಯಲ್ಲಿ ಒಬ್ಬೊಬ್ಬರನ್ನು ಮುಗಿಸಬೇಕಾದ ಕಡೆ, ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿರುವಾಗ, ಮೇಲೆ ಹೇಳಿದ ಮಾತುಕತೆಗೆ ಜಾಗ ಮಾಡಿಕೊಳ್ಳುವ ಫಿಸಿಯೋ ನನ್ನ ಕಣ್ಣಿಗೆ ದೊಡ್ಡ ಕಸುಬುದಾರರು.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಂಪ್ಯೂಟರ್ ಉದ್ಯೋಗಿಯಲ್ಲಿ ಸಮಸ್ಯೆ ಎಷ್ಟೋ ಸಲ ಮಗುಚಿ ಬೀಳುತ್ತದೆ. ಇಲ್ಲಿ ಚಲನೆ ಬಿಟ್ಟದ್ದು ಕಡಿಮೆ, ನೋವನ್ನು ಲೆಕ್ಕಿಸದೆ ದುಡಿದದ್ದು ಹೆಚ್ಚು. ರಿಲೀಸ್ ಇದೆ ಎಂದು ಊಟದ ಹೊತ್ತಿನಲ್ಲೂ ಸೀಟು ಬಿಡದೆ, ಕತ್ತು ಹಿಡಿದುಕೊಂಡರೂ ಮೌಸ್ ಬಿಡದೆ, ವಿರಾಮ ತೆಗೆದುಕೊಂಡರೆ ಹಿಂದೆ ಬೀಳುತ್ತೇನೆಂದು ಅಂಜಿ ದುಡಿಯುವುದು. ಸಂಶೋಧಕರು ಇದಕ್ಕೆ ಕೆಲಸದ ಶೈಲಿ ಎನ್ನುತ್ತಾರೆ. ಬೆಂಗಳೂರಿನ ಡಾ. ದೀಪಕ್ ಶರಣ್ ಮತ್ತು ಸಂಗಡಿಗರು ಭಾರತದ ಕಂಪ್ಯೂಟರ್ ಉದ್ಯೋಗಿಗಳಲ್ಲಿ ಈ ಶೈಲಿಗೂ ಸ್ನಾಯು ಕೀಲುಗಳ ನೋವಿಗೂ ಇರುವ ನಂಟನ್ನು ಹುಡುಕಿ 2011ರಲ್ಲಿ ಪ್ರಕಟಿಸಿದರು. ಕುರ್ಚಿ ಬದಲಿಸುವುದು, ಮಾನಿಟರ್ ಎತ್ತರಿಸುವುದು ಬೇಕಾದ ಕೆಲಸಗಳೇ. ಆದರೆ ಎಷ್ಟು ಬೆಲೆಯ ಕುರ್ಚಿಯಲ್ಲೂ ಕದಲದೆ ಆರು ಗಂಟೆ ಕೂರುವವನ ಕತ್ತು ಉಳಿಯದು. ಅಂಥವನಿಗೆ ಫಿಸಿಯೋ ಕೊಡುವ ಅಳತೆ ಟೈಲರ್ ಅಕ್ಕನಿಗೆ ಕೊಟ್ಟದ್ದರ ತಲೆಕೆಳಗು. ನೋವು ಬರುವುದಕ್ಕೆ ಮೊದಲೇ, ಗಡಿಯಾರ ನೋಡಿ ಏಳಬೇಕು.

ನಿದ್ದೆಯ ಮಾತು ಎರಡೂ ಕಡೆ ಬರುತ್ತದೆ. ಪೀಣ್ಯದಲ್ಲಿ ನೈಟ್ ಶಿಫ್ಟ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಮೆರಿಕದ ಹೊತ್ತಿಗೆ ಹೊಂದಿಸಿದ ರಾತ್ರಿಯ ಕರೆಗಳು. ಇವತ್ತಿನ ನೋವು ರಾತ್ರಿಯ ನಿದ್ದೆ ಕೆಡಿಸುವುದಕ್ಕಿಂತ, ಕೆಟ್ಟ ನಿದ್ದೆ ನಾಳೆಯ ನೋವನ್ನು ಹೆಚ್ಚಿಸುವುದೇ ಬಲವಾದ ನಂಟು ಎಂದು ಅಧ್ಯಯನಗಳು ಹೇಳುತ್ತವೆ. ಮನಸ್ಸು ತೀರಾ ಕುಗ್ಗಿದ್ದರೆ, ಬದುಕಿನ ಆಸೆಯೇ ಬತ್ತಿದಂತೆ ಕಂಡರೆ ಮನೋವೈದ್ಯರ ಬಳಿ ಕಳಿಸುವುದೂ ಇದೇ ಕಸುಬಿನ ಭಾಗ.

ಇಷ್ಟೆಲ್ಲ ಕೇಳಿದವರು "ಹಾಗಾದರೆ ನೋವು ಬರೀ ಮನಸ್ಸಿನದು" ಎಂದು ಹಾರಿಬಿಡುವ ಅಪಾಯವಿದೆ. ಅದು ತಪ್ಪು, ಕ್ರೂರವೂ ಹೌದು. ನೋವಿನ ಅಧ್ಯಯನಕ್ಕಾಗಿ ಇರುವ ಅಂತರರಾಷ್ಟ್ರೀಯ ಸಂಘಟನೆ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದು ಸ್ಪಷ್ಟವಾಗಿ ಬರೆಯಿತು. ಭಯ, ನಿರೀಕ್ಷೆ, ನಿದ್ದೆಗಳನ್ನು ನೋಡುವುದು ರೋಗಿಯ ಮೇಲೆ ಗೂಬೆ ಕೂರಿಸುವುದಕ್ಕಲ್ಲ. ಎಷ್ಟೋ ಭಯಗಳನ್ನು ರೋಗಿಯ ತಲೆಗೆ ತುಂಬಿದವರು ನಾವೇ ಅಲ್ಲವೇ, ವೈದ್ಯರು, ಲ್ಯಾಬಿನವರು, ನೆಂಟರಿಷ್ಟರು?

ಚೇತರಿಕೆಯನ್ನು ನಿರ್ಧರಿಸುವ ಒಂದು ದೊಡ್ಡ ಪಾಲು ಫ್ಯಾಕ್ಟರಿಯ ಗೇಟಿನ ಒಳಗಿದೆ, ಕ್ಲಿನಿಕ್ಕಿನ ಕೈಗೆ ಸುಲಭವಾಗಿ ಸಿಗದು. ಅಮೆರಿಕದ ಬೋಯಿಂಗ್ ವಿಮಾನ ಕಾರ್ಖಾನೆಯ 3,020 ಕೆಲಸಗಾರರನ್ನು ಸ್ಟ್ಯಾನ್ಲಿ ಬಿಗೋಸ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 1991ರಲ್ಲಿ ವರದಿ ಕೊಟ್ಟರು. ತಮ್ಮ ಕೆಲಸದಲ್ಲಿ ಖುಷಿ ಕಾಣುವುದೇ ಅಪರೂಪ ಎಂದವರು, ಹೆಚ್ಚುಕಮ್ಮಿ ಯಾವಾಗಲೂ ಖುಷಿ ಇದೆ ಎಂದವರಿಗಿಂತ ಎರಡೂವರೆ ಪಟ್ಟು ಹೆಚ್ಚಾಗಿ ಬೆನ್ನಿನ ತೊಂದರೆ ಹೇಳಿಕೊಂಡರು. ಅದು ನೋವು ಶುರುವಾಗುವುದರ ಅಧ್ಯಯನ, ಚೇತರಿಕೆಯದಲ್ಲ. ಆದರೂ ಸೂಪರ್‌ವೈಸರನ ಮಾತು, ಗಂಟೆಯ ಟಾರ್ಗೆಟ್, ಎದ್ದು ಓಡಾಡುವ ಸ್ವಾತಂತ್ರ್ಯ ಇವೆಲ್ಲ ಬೆನ್ನಿನ ಕಥೆಯ ಒಳಗಿನವೇ ಎಂಬುದನ್ನು ಅದು ತೋರಿಸಿತು. ತಿಂಗಳಿಗೆ 21,000 ರೂಪಾಯಿವರೆಗಿನ ಕೂಲಿಯವರಿಗೆ ಇಎಸ್‌ಐ ಇದೆ. ಕಾಯಿಲೆ ರಜೆಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ 70 ಶೇಕಡಾ ಸಿಗುತ್ತದೆ. ಬಡವರ ಪಾಲಿಗೆ ಇದು ದೊಡ್ಡ ಆಸರೆ. ಆದರೆ ಹಣ ಸಿಗುವುದು ಕೆಲಸಕ್ಕೆ ಹೋಗದ ದಿನಗಳಿಗೆ. ರಜೆ ಮುಗಿದ ಮಾರನೇ ದಿನವೇ ಆಕೆ ಪೂರ್ತಿ ಟಾರ್ಗೆಟ್‌ನ ಮುಂದೆ ಕೂತರೆ, ಒಂಬತ್ತೂವರೆ ನಿಮಿಷದಿಂದ ಕಟ್ಟಿಕೊಂಡು ಬಂದದ್ದೆಲ್ಲ ಒಂದೇ ವಾರದಲ್ಲಿ ಕುಸಿಯಬಹುದು. ಮೊದಲ ಎರಡು ವಾರ ಹಗುರ ಕೆಲಸ, ಟ್ರಿಮ್ಮಿಂಗ್, ಚೆಕಿಂಗ್, ಆಮೇಲೆ ಅರ್ಧ ದಿನ ಮೆಷಿನ್, ಆಮೇಲೆ ಪೂರ್ತಿ. ಈ ಏರ್ಪಾಟಿಗೆ ಕಾರ್ಖಾನೆಗೆ ತಗಲುವ ಖರ್ಚು ಪಳಗಿದ ಟೈಲರೊಬ್ಬರನ್ನು ಕಳೆದುಕೊಳ್ಳುವುದಕ್ಕಿಂತ ಕಡಿಮೆ ಎಂದೇ ನನ್ನ ಎಣಿಕೆ. ಕೆಲವು ಫಿಸಿಯೋಗಳು ರೋಗಿಯ ಒಪ್ಪಿಗೆ ಪಡೆದು ಸೂಪರ್‌ವೈಸರಿಗೋ ಫ್ಯಾಕ್ಟರಿಯ ನರ್ಸಿಗೋ ಒಂದು ಚೀಟಿ ಬರೆದುಕೊಡುತ್ತಾರೆ. ಏನು ಮಾಡಬಾರದು ಎಂಬುದಕ್ಕಿಂತ ಏನೇನು ಮಾಡಬಹುದು, ಎಷ್ಟು ಹೊತ್ತು ಮಾಡಬಹುದು ಎಂದು ಅದರಲ್ಲಿ ಇರುತ್ತದೆ.

ಕೊನೆಯ ಭೇಟಿಯಲ್ಲಿ ಮಾಡುವ ಕೆಲಸ ಒಂದಿದೆ, ಅದನ್ನು ಮಾಡದೆ ಒಳ್ಳೆಯ ಫಿಸಿಯೋ ಯಾರನ್ನೂ ಕಳಿಸಿಕೊಡುವುದಿಲ್ಲ. ನೋವು ಮತ್ತೆ ಕೆರಳುತ್ತದೆ. ಮದುವೆ ಮನೆಯ ಓಡಾಟ, ಓಟಿ ಜಾಸ್ತಿಯಾದ ತಿಂಗಳು, ಮಗುವಿಗೆ ಹುಷಾರಿಲ್ಲದೆ ನಿದ್ದೆಗೆಟ್ಟ ವಾರ ಯಾವುದಾದರೂ ಕಾರಣವಾದೀತು. ಆ ದಿನಕ್ಕೆಂದು ಈಗಲೇ ಆಕೆಯ ಕೈಯಲ್ಲೇ ಬರೆಸುತ್ತಾಳೆ: ಎರಡು ದಿನ ನಡಿಗೆ ಅರ್ಧಕ್ಕೆ ಇಳಿಸುತ್ತೇನೆ, ಪೂರ್ತಿ ನಿಲ್ಲಿಸುವುದಿಲ್ಲ. ಬಿಸಿನೀರಿನ ಶಾಖ ತೆಗೆದುಕೊಳ್ಳುತ್ತೇನೆ. ಮಂಡಿ ಎದೆಗೆ ಎಳೆಯುವ ವ್ಯಾಯಾಮ ಹಾಸಿಗೆಯಲ್ಲೇ ಮಾಡುತ್ತೇನೆ. ಕಾಲಿನಲ್ಲಿ ಶಕ್ತಿ ಕಮ್ಮಿಯಾದರೆ, ಮೂತ್ರದ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಹೋಗುತ್ತೇನೆ. ಇಲ್ಲದಿದ್ದರೆ ಮೂರನೇ ದಿನದಿಂದ ದಿನಕ್ಕಿಷ್ಟು ನಿಮಿಷದಂತೆ ಹಳೆಯ ಲೆಕ್ಕಕ್ಕೆ ಮರಳುತ್ತೇನೆ. ಬರೆದಾದ ಮೇಲೆ ಮೊದಲ ದಿನದ ಹಾಳೆ ತೆಗೆದು ಮೂರು ಸಾಲುಗಳಿಗೂ ಹೊಸದಾಗಿ ಅಂಕ ಹಾಕಿಸುತ್ತಾಳೆ, ಮನೆಯವರಿಗೂ ತೋರಿಸಲು ಅದರ ಒಂದು ಪ್ರತಿಯನ್ನು ಕೊಟ್ಟು ಕಳಿಸುತ್ತಾಳೆ.